ದೋಸ್ತಿ ದೇಶದ 1,200 ರೂಪಾಯಿ: ಹಾವೇರಿ ಜಿಲ್ಲೆಯ ಒಂದು ತಂಡದ ಭೂತಾನ್ ಪ್ರವಾಸ

ಬ್ಯಾಡಗಿ, ಹಾನಗಲ್ಲ ಮತ್ತು ಧಾರವಾಡದ ಐದಾರು ಮನೆಯವರು ಸೇರಿ ದಸರೆ ರಜೆಗೆ ಭೂತಾನಿಗೆ ಹೋಗುವುದೆಂದು ಮಾತಾಯಿತು. ಎಲ್ಲರೂ ಒಬ್ಬರಿಗೊಬ್ಬರು ಬೀಗರು. ಬ್ಯಾಡಗಿಯವರದು ಮೆಣಸಿನಕಾಯಿ ದಲಾಲಿ ಅಂಗಡಿ. ಹಾನಗಲ್ಲ ಕಡೆಯವರದು ಅಡಿಕೆ ತೋಟ. ಧಾರವಾಡದವರು ನಿವೃತ್ತ ಶಿಕ್ಷಕ ದಂಪತಿ. ಬ್ಯಾಡಗಿ ಪೇಟೆಗೆ ಮಾಲು ರಾಶಿ ರಾಶಿ ಬರುವುದು ಜನವರಿ ನಂತರ, ಹಾಗಾಗಿ ಅಕ್ಟೋಬರಿನಲ್ಲಿ ಅಂಗಡಿಯವರಿಗೆ ಬಿಡುವು. ಅಡಿಕೆ ತೋಟದವರು ಕೊಯ್ಲಿನ ಜವಾಬ್ದಾರಿಯನ್ನು ಮಗನ ತಲೆಗೆ ಕಟ್ಟಿದರು.

ಹುಬ್ಬಳ್ಳಿಯ ಒಂದು ಟ್ರಾವೆಲ್ ಏಜೆನ್ಸಿಗೆ ಮುಂಗಡ ಕೊಟ್ಟಾಯಿತು. ಅವರ ಕರಪತ್ರದಲ್ಲಿ 'ಊಟ, ವಸತಿ, ಗಾಡಿ, ಪರ್ಮಿಟ್ ಎಲ್ಲ ಸೇರಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹೊರಡಲು ಮೂರು ವಾರ ಇದೆ ಅನ್ನುವಾಗ ಏಜೆನ್ಸಿಯಿಂದ ಫೋನ್ ಬಂತು. ಭೂತಾನ್ ಸರ್ಕಾರಕ್ಕೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿಯಂತೆ ಕಟ್ಟಬೇಕು, ಅದು ಪ್ಯಾಕೇಜಿನಲ್ಲಿ ಸೇರಿಲ್ಲ, ಈ ವಾರದಲ್ಲೇ ಹಾಕಿಬಿಡಿ ಅಂದರು.

ಗಲಾಟೆ ಶುರುವಾಗಿದ್ದು ಅಲ್ಲಿಂದ. ದಲಾಲಿ ಅಂಗಡಿಯ ಅಣ್ಣಾರು ಏಜೆನ್ಸಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. "ದೋಸ್ತಿ ದೇಶ, ದೋಸ್ತಿ ದೇಶ ಅಂತ ಟಿವಿಯಾಗ ದಿನಾ ಹೇಳ್ತಾರಲ್ರೀ. ದೋಸ್ತನ ಮನಿಗೆ ಹೋಗಾಕ ರೊಕ್ಕ ಯಾಕ ಕೊಡಬೇಕು?" ಕೌಂಟರಿನ ಹುಡುಗನ ಹತ್ತಿರ ಉತ್ತರ ಇರಲಿಲ್ಲ. "ರೂಲ್ಸ್ ಹಂಗೈತ್ರಿ" ಅಂದ. ತಂಡದಲ್ಲಿ ಇಬ್ಬರು ಟಿಕೆಟ್ ರದ್ದು ಮಾಡಿಸುವ ಮಾತಾಡಿದರು.

ನಾನು ಧಾರವಾಡದಲ್ಲಿ ಪ್ರವಾಸೋದ್ಯಮ ಪಾಠ ಹೇಳುವವನು. ಅಡಿಕೆ ತೋಟದವರು ನನ್ನ ಹೆಂಡತಿಗೆ ಸೋದರಮಾವ. ಹೀಗಾಗಿ ಪಂಚಾಯಿತಿ ನನ್ನ ಮನೆಗೆ ಬಂತು, ಆಮೇಲೆ ನಾನೂ ತಂಡದ ಜೊತೆ ಹೊರಟೆ. ಈ ಪ್ರಕರಣವನ್ನು ಬರೆದಿಡಲು ಕಾರಣ ಅಣ್ಣಾರು ಕೇಳಿದ ಪ್ರಶ್ನೆ. ಕೇಳಿದ ರೀತಿ ಒರಟು, ಆದರೆ ಪ್ರಶ್ನೆ ಸರಿಯಾಗೇ ಇತ್ತು. ಎರಡು ದೇಶಗಳ ಗೆಳೆತನ ದೊಡ್ಡವರ ಕೈಕುಲುಕುವ ಫೋಟೊದಲ್ಲಿ ಕಾಣುತ್ತದೆ. ನಮ್ಮ ಊರಿಂದ ಹೋದವನ ಕೈಗೆ ಅದು ಯಾವ ರೂಪದಲ್ಲಿ ಸಿಗುತ್ತದೆ?

ಲೆಕ್ಕ

ಮೊದಲು ರೊಕ್ಕದ ವಿಷಯ ಮುಗಿಸೋಣ. ಆ ಶುಲ್ಕಕ್ಕೆ ಸುಸ್ಥಿರ ಅಭಿವೃದ್ಧಿ ಶುಲ್ಕ ಎಂದು ಹೆಸರು, ಎಲ್ಲರೂ ಕರೆಯುವುದು ಎಸ್‌ಡಿಎಫ್ ಅಂತ. ಭಾರತೀಯರಿಗೆ ರಾತ್ರಿಗೆ 1,200. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಮ್ಮದು ಒಳಗೆ 5 ರಾತ್ರಿ. ದೊಡ್ಡವರಿಗೆ ತಲಾ 6,000 ಆಯಿತು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಇರುವ ಮನೆಗೆ 15,000. ಮಧ್ಯಮ ವರ್ಗದ ಪ್ರವಾಸದಲ್ಲಿ ಇದು ಸಣ್ಣ ಮೊತ್ತ ಅಲ್ಲವೇ ಅಲ್ಲ. ಸಿಟ್ಟು ಬಂದರೆ ತಪ್ಪೇನಿಲ್ಲ.

ಆದರೆ ಬೇರೆ ದೇಶದವರು ಕೊಡುವುದು ಎಷ್ಟು? ಕೋವಿಡ್ ನಂತರ 2022ರ ಸೆಪ್ಟೆಂಬರ್ 23ರಂದು ಭೂತಾನ್ ಬಾಗಿಲು ತೆರೆದಾಗ ಅವರಿಗೆ ರಾತ್ರಿಗೆ 200 ಡಾಲರ್ ಇತ್ತು. ಜನ ಬರುವುದು ಕಡಿಮೆಯಾಯಿತು ಎಂದು 2023ರ ಸೆಪ್ಟೆಂಬರಿನಿಂದ 100 ಡಾಲರಿಗೆ ಇಳಿಸಿದರು. ಇಳಿಸಿದ ಮೇಲೂ ಅದು 8,000 ರೂಪಾಯಿಗಿಂತ ಜಾಸ್ತಿ. ಜರ್ಮನಿಯವನೋ ಜಪಾನಿನವನೋ ಒಂದು ರಾತ್ರಿಗೆ ಕಟ್ಟುವ ದುಡ್ಡಿನಲ್ಲಿ ನಮ್ಮವರು ಐದು ರಾತ್ರಿ ಕಳೆದು ಮೇಲೆ ಚಿಲ್ಲರೆ ಉಳಿಸಬಹುದು. ಜೊತೆಗೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಚೀಟಿ ತೋರಿಸಿ ಪರ್ಮಿಟ್ ತೆಗೆದುಕೊಳ್ಳಬಹುದು.

ಅಂದರೆ ದೋಸ್ತಿ ಇದ್ದದ್ದು ಆ ರಿಯಾಯಿತಿಯಲ್ಲೇ. ಹುಬ್ಬಳ್ಳಿಯ ಕೌಂಟರಿನಲ್ಲಿ ಅದನ್ನು ಹೇಳುವವರು ಇರಲಿಲ್ಲ ಅಷ್ಟೇ. 1,200 ಎಂಬ ಅಂಕಿಯನ್ನು ದಂಡದ ಹಾಗೆ ಫೋನಿನಲ್ಲಿ ಹೇಳಿದರು, ಜನ ಅದನ್ನು ದಂಡ ಅಂತಲೇ ತಿಳಿದರು.

ಗೊಂದಲಕ್ಕೆ ಇನ್ನೊಂದು ಕಾರಣವಿತ್ತು. ಶಿಕ್ಷಕ ದಂಪತಿಯ ಪಕ್ಕದ ಮನೆಯವರು 2018ರಲ್ಲಿ ಭೂತಾನ್ ನೋಡಿ ಬಂದಿದ್ದರು. "ನಾವು ಒಂದು ಪೈಸಾನೂ ಕೊಟ್ಟಿಲ್ಲರೀ" ಎಂದು ಅವರು ಹೇಳಿದ್ದು ನಿಜ. ಆಗ ಭಾರತೀಯರಿಗೆ ಈ ಶುಲ್ಕ ಇರಲೇ ಇಲ್ಲ. ಕಾಯ್ದೆ ಬಂದದ್ದು 2020ರಲ್ಲಿ. ಅಷ್ಟರಲ್ಲಿ ಕೋವಿಡ್ ಬಂದು ಗಡಿಯೇ ಮುಚ್ಚಿತು. ನಮ್ಮ ಕಡೆಯ ಜನಕ್ಕೆ ಅದು ತಟ್ಟಿದ್ದು 2022ರ ನಂತರ.

ಯಾಕೆ ಹಾಕಿದರು ಅನ್ನುವುದಕ್ಕೆ ಒಂದು ಅಂಕಿ ಸಾಕು. 2019ರಲ್ಲಿ ಭೂತಾನಿಗೆ ಹೋದ ಪ್ರವಾಸಿಗರು ಸುಮಾರು 3.15 ಲಕ್ಷ. ಅವರಲ್ಲಿ ಭಾರತೀಯರೇ 2.3 ಲಕ್ಷ. 2017ರ ಗಣತಿಯಂತೆ ಆ ದೇಶದ ಒಟ್ಟು ಜನ 7.27 ಲಕ್ಷ. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲೇ 2011ರಲ್ಲಿ 9.4 ಲಕ್ಷ ಜನ ಇದ್ದರು. ಇಡೀ ದೇಶ ನಮ್ಮ ಮಹಾನಗರ ಪಾಲಿಕೆಗಿಂತ ಚಿಕ್ಕದು! ಕಾಡು ದೇಶದ ಶೇ. 60ಕ್ಕಿಂತ ಎಂದೂ ಕಡಿಮೆಯಾಗಬಾರದು ಎಂದು ಸಂವಿಧಾನದಲ್ಲೇ ಬರೆದುಕೊಂಡವರು ಅವರು. ಜನ ಕಡಿಮೆ ಬಂದರೂ ಪರವಾಗಿಲ್ಲ, ಬಂದವರಿಂದ ಬೆಲೆ ಬರಲಿ ಅನ್ನುವುದು ಅವರ ಹಳೆಯ ನೀತಿ. ಭಾರತೀಯರನ್ನು ಅದರಿಂದ ಹೊರಗೆ ಇಟ್ಟಿದ್ದರು, ಇಡಲು ಆಗದ ಕಾಲ ಬಂತು.

ಏಜೆನ್ಸಿ ಜೊತೆ ಕೊನೆಗೆ ಆದ ರಾಜಿ ಹೀಗೆ: ಮಕ್ಕಳ ಎಸ್‌ಡಿಎಫ್ ಮತ್ತು ಗೈಡ್ ಖರ್ಚು ಅವರದು, ದೊಡ್ಡವರ ಎಸ್‌ಡಿಎಫ್ ತಂಡದ್ದು. ನನ್ನನ್ನು ಕೇಳಿದರೆ ಪೂರ್ತಿ ಏಜೆನ್ಸಿಯೇ ಕಟ್ಟಬೇಕಿತ್ತು. 'ಎಲ್ಲ ಸೇರಿ' ಎಂದು ಅಚ್ಚು ಹಾಕಿಸಿದವರು ಅವರೇ ಅಲ್ವಾ. ಆದರೆ ವಿಮಾನದ ಟಿಕೆಟ್ ಆಗಲೇ ತೆಗೆದಾಗಿತ್ತು, ಜಗಳಕ್ಕೆ ಸಮಯ ಇರಲಿಲ್ಲ.

ಕಾಗದಪತ್ರ

ರೊಕ್ಕದ ಜಗಳಕ್ಕಿಂತ ದೊಡ್ಡ ತೊಡಕು ಇಲ್ಲಿತ್ತು, ಗದ್ದಲದಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರ ಕಾಗದ ಮೇಜಿನ ಮೇಲೆ ಹರಡಿದಾಗ ಅಣ್ಣಾರ ತಮ್ಮನ ಮಗನ ಹತ್ತಿರ ಆಧಾರ್ ಮತ್ತು ಪ್ಯಾನ್ ಮಾತ್ರ ಇದ್ದವು. ಹುಡುಗನಿಗೆ ಇಪ್ಪತ್ತಮೂರು. ಮತದಾರರ ಪಟ್ಟಿಗೆ ಹೆಸರು ಸೇರಿಸಿಯೇ ಇರಲಿಲ್ಲ. "ಆಧಾರ್ ಇದ್ರ ಎಲ್ಲಾ ನಡೀತದಲ್ಲಾ ಕಾಕಾ" ಅಂದ. ಭೂತಾನ್ ಗಡಿಯಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ, ಈ ಎರಡರಲ್ಲಿ ಒಂದರ ಮೂಲ ಪ್ರತಿ ಬೇಕು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಓಡಿ ತತ್ಕಾಲ್‌ನಲ್ಲಿ ಅರ್ಜಿ ಹಾಕಿಸಿದೆವು. ಪಾಸ್‌ಪೋರ್ಟ್ ಕೈಗೆ ಬಂದಾಗ ಹೊರಡಲು ಬೆರಳೆಣಿಕೆಯ ದಿನ ಉಳಿದಿದ್ದವು.

ಮಕ್ಕಳಿಗೆ ಜನನ ಪ್ರಮಾಣಪತ್ರ ಸಾಕು, ಆದರೆ ಅದು ಇಂಗ್ಲಿಷಿನಲ್ಲಿ ಇರಬೇಕು. ಒಂದು ಮಗುವಿನದು ಪಟ್ಟಣ ಪಂಚಾಯಿತಿಯ ಹಳೆಯ ಪ್ರತಿ. ಪೂರ್ತಿ ಕನ್ನಡ, ಅದೂ ಕೈಬರಹ. ನಮಗೆ ಓದಲು ಚೆಂದ, ಭೂತಾನಿನ ಗಡಿ ಊರಾದ ಫುಂಟ್‌ಶೋಲಿಂಗ್‌ನ ಅಧಿಕಾರಿಗೆ ಅದು ಬರೀ ಸುರುಳಿ ಗೆರೆ. ಎರಡೂ ಭಾಷೆಯಲ್ಲಿರುವ ಹೊಸ ಪ್ರತಿ ತೆಗೆಸಿದರು.

ದೆಹಲಿ ಮತ್ತು ಭೂತಾನಿನ ರಾಜಧಾನಿ ಥಿಂಫು ನಡುವೆ ಎಷ್ಟೇ ಪ್ರೀತಿ ಇರಲಿ, ಅದು ಬ್ಯಾಡಗಿಗೆ ತಲುಪುವಾಗ ಇಂಥ ಚೀಟಿಗಳ ಮೇಲೇ ತಲುಪಬೇಕು. ಚೀಟಿ ಸರಿ ಇಲ್ಲದಿದ್ದರೆ ಪ್ರೀತಿ ಗಡಿಯಲ್ಲೇ ನಿಲ್ಲುತ್ತದೆ.

ದಾರಿ

ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಬಾಗ್ಡೋಗ್ರಾ, ಅಲ್ಲಿಂದ ಗಾಡಿಯಲ್ಲಿ ಚಹಾ ತೋಟಗಳ ನಡುವೆ ಜೈಗಾಂವ್. ಬ್ಯಾಗಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕರದಂಟು. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಉತ್ತರ ಕರ್ನಾಟಕದವರು ಚಂದ್ರಲೋಕಕ್ಕೆ ಹೋದರೂ ಇಷ್ಟು ಇರುತ್ತದೆ.

ಜೈಗಾಂವ್ ಪಶ್ಚಿಮ ಬಂಗಾಳದ ಊರು. ಗೇಟಿನ ಆಚೆ ಫುಂಟ್‌ಶೋಲಿಂಗ್. ಈಚೆ ಹಾರ್ನ್, ರಿಕ್ಷಾ, ನೂಕುನುಗ್ಗಲು. ಆಚೆ ಜನ ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟರೆ ಗಾಡಿ ನಿಲ್ಲುತ್ತದೆ. ನಮ್ಮ ಶಿಕ್ಷಕರು ಇದನ್ನು ಪರೀಕ್ಷೆ ಮಾಡಲೆಂದೇ ಎರಡು ಸಲ ರಸ್ತೆ ದಾಟಿದರು. ವಾಚನ್ನು ಅರ್ಧ ಗಂಟೆ ಮುಂದೆ ಮಾಡಿಕೊಳ್ಳಬೇಕು. ದುಡ್ಡು ಬದಲಿಸುವ ಗೋಳಿಲ್ಲ. ಅವರ ನುಲ್ಟ್ರಂ 1974ರಲ್ಲಿ ಬಂತು, ನಮ್ಮ ರೂಪಾಯಿಗೆ ಸರಿಸಮ, ಅಂಗಡಿಯಲ್ಲಿ ರೂಪಾಯಿಯೂ ನಡೆಯುತ್ತದೆ. ಈ ನಂಟಿಗೆ ಇನ್ನೊಂದು ಮುಖವೂ ಇದೆ. 2016ರಲ್ಲಿ ನಮ್ಮಲ್ಲಿ 500, 1,000ದ ನೋಟು ರದ್ದಾದಾಗ ಭೂತಾನಿನ ಜನರೂ ಬ್ಯಾಂಕಿಗೆ ಓಡಬೇಕಾಯಿತು, ಅವರ ಪೆಟ್ಟಿಗೆಯಲ್ಲೂ ನಮ್ಮ ನೋಟೇ ಇತ್ತು. ನಮ್ಮ ಯುಪಿಐ ಅಲ್ಲಿಗೆ 2021ರ ಜುಲೈನಲ್ಲಿ ಹೋಯಿತು. ನಾವು ಹೋದ ಎಲ್ಲ ಅಂಗಡಿಯಲ್ಲಿ ಅದು ನಡೆಯಲಿಲ್ಲ, ಕೈಯಲ್ಲಿ ನಗದು ಇದ್ದದ್ದು ಒಳ್ಳೆಯದಾಯಿತು.

ಫುಂಟ್‌ಶೋಲಿಂಗ್‌ನಿಂದ ಥಿಂಫುಗೆ ಏರುವ ರಸ್ತೆಯಲ್ಲಿ ಅಲ್ಲಲ್ಲಿ 'ದಂತಕ್' ಎಂಬ ಫಲಕ ಬರುತ್ತದೆ. ಭಾರತದ ಗಡಿ ರಸ್ತೆ ಸಂಸ್ಥೆ 1961ರಲ್ಲಿ ಶುರು ಮಾಡಿದ ಯೋಜನೆ ಅದು. ಅದಕ್ಕೆ ಮೊದಲು ಅಲ್ಲಿ ಮೋಟಾರು ರಸ್ತೆಯೇ ಇರಲಿಲ್ಲ. 1958ರಲ್ಲಿ ನೆಹರು ಭೂತಾನಿಗೆ ಹೋದಾಗ ಸಿಕ್ಕಿಂ ದಾಟಿ, ಟಿಬೆಟಿನ ಚುಂಬಿ ಕಣಿವೆಯ ಮೂಲಕ, ಕುದುರೆ ಏರಿಯೂ ಕಾಲ್ನಡಿಗೆಯಲ್ಲಿಯೂ ಪಾರೋ ಮುಟ್ಟಿದ್ದರು. ಭೂತಾನ್ ಸ್ವತಂತ್ರ ದೇಶವಾಗಿಯೇ ಇರಬೇಕು, ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬೇಕು ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿ ಬಂದರು. ದಂತಕ್‌ನವರ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಹಿಮಾಲಯದ ತಿರುವಿನಲ್ಲಿ ದೋಸೆ ಕಂಡ ನಮ್ಮ ಹೆಣ್ಣುಮಕ್ಕಳಿಗೆ ಆ ಯೋಜನೆಯ ಮೇಲೆ ಬಂದ ಗೌರವ ಯಾವ ಭಾಷಣದಿಂದಲೂ ಬರುತ್ತಿರಲಿಲ್ಲ.

ಅದೇ ದಾರಿಯ ಕಣಿವೆಯಲ್ಲಿ ಚುಖಾ ಜಲವಿದ್ಯುತ್ ಕೇಂದ್ರ. 336 ಮೆಗಾವಾಟ್. ಶೇ. 60 ಅನುದಾನ, ಶೇ. 40 ಸಾಲ ಕೊಟ್ಟು ಭಾರತ ಕಟ್ಟಿಸಿತು, ಹೆಚ್ಚುವರಿ ಕರೆಂಟನ್ನು ಭಾರತವೇ ಕೊಂಡಿತು. ಆಮೇಲೆ ತಾಲಾ, 1,020 ಮೆಗಾವಾಟ್. ಭೂತಾನಿನ ಬೊಕ್ಕಸಕ್ಕೆ ದೊಡ್ಡ ಆದಾಯ ಬರುವುದು ನೀರಿನಿಂದ, ಪ್ರವಾಸಿಗರಿಂದ ಬರುವುದು ಅದರ ನಂತರ. ಅಂದರೆ ಪ್ರವಾಸಿಗರನ್ನು ಸ್ವಲ್ಪ ತಡೆದು ನಿಲ್ಲಿಸುವ ಧೈರ್ಯ ಅವರಿಗೆ ಬಂದದ್ದರ ಹಿಂದೆ ನಾವು ಕೊಳ್ಳುವ ಕರೆಂಟೂ ಇದೆ. ಇದು ನನ್ನ ಅಂದಾಜು, ತಂಡದಲ್ಲಿ ಯಾರೂ ಒಪ್ಪಲಿಲ್ಲ.

ಥಿಂಫುವಿನಲ್ಲಿ ಭಾರತದ ರಾಯಭಾರ ಕಚೇರಿಯ ಮೇಲೆ ಬಾವುಟ ನೋಡಿ ಶಿಕ್ಷಕರ ಪತ್ನಿ, "ನಮ್ಮ ಬೆಂಗೇರಿದ ಇರಬೇಕ್ರಿ" ಅಂದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಐಎಸ್‌ಐ ಗುರುತಿನ ಖಾದಿ ಬಾವುಟ ತಯಾರಾಗುವುದು ನಮ್ಮವರಿಗೆಲ್ಲ ಹೆಮ್ಮೆ. ಇರಲೂಬಹುದು.

ದೋಚುಲಾ

ಥಿಂಫುವಿನಿಂದ ಪುನಾಖಾಕ್ಕೆ ಹೋಗುವ ದಾರಿಯಲ್ಲಿ ಸುಮಾರು 3,100 ಮೀಟರ್ ಎತ್ತರದ ಕಣಿವೆ ದಾರಿ ದೋಚುಲಾ. ಅಲ್ಲಿ ಒಂದು ದಿಬ್ಬದ ಮೇಲೆ 108 ಸಣ್ಣ ಸ್ತೂಪಗಳಿವೆ, ಅವರು ಚೋರ್ಟೆನ್ ಅನ್ನುತ್ತಾರೆ. ಬಿಳಿ ಗೋಡೆ, ಕೆಂಪು ಪಟ್ಟಿ. ಎಲ್ಲರೂ ಫೋನ್ ಹೊರಗೆ ತೆಗೆದರು. ಅಣ್ಣಾರ ಮೊಮ್ಮಗ ಒಂದು ಚೋರ್ಟೆನ್ನಿನ ಕಟ್ಟೆಯ ಮೇಲೆ ಕಾಲಿಡಲು ಹೋದ. ಗೈಡ್ ಹುಡುಗ ಓಡಿಬಂದು ಮಗುವನ್ನು ಎತ್ತಿಕೊಂಡ. ಬೈಯಲಿಲ್ಲ. ಎತ್ತಿಕೊಂಡೇ ಹಿಂದಿಯಲ್ಲಿ ಕತೆ ಹೇಳಿದ.

2000ರ ಆಸುಪಾಸಿನಲ್ಲಿ ಅಸ್ಸಾಂ ಮತ್ತು ಉತ್ತರ ಬಂಗಾಳದ ಉಗ್ರ ಸಂಘಟನೆಗಳು ಭೂತಾನಿನ ದಕ್ಷಿಣದ ಕಾಡಿನಲ್ಲಿ ಶಿಬಿರ ಹಾಕಿದ್ದವು. ಉಲ್ಫಾ, ಎನ್‌ಡಿಎಫ್‌ಬಿ, ಕೆಎಲ್‌ಒ. ಅವರು ಹೋರಾಡುತ್ತಿದ್ದದ್ದು ಭಾರತದ ವಿರುದ್ಧ. ಬಿಟ್ಟು ಹೋಗಿ ಎಂದು ಭೂತಾನ್ ವರ್ಷಗಟ್ಟಲೆ ಮಾತುಕತೆ ಆಡಿತು. ಕೇಳಲಿಲ್ಲ. 2003ರ ಡಿಸೆಂಬರಿನಲ್ಲಿ ಆ ಪುಟ್ಟ ದೇಶದ ಸೈನ್ಯ ಕಾಡಿಗೆ ನುಗ್ಗಿ ಶಿಬಿರಗಳನ್ನು ಎಬ್ಬಿಸಿತು. ಸೈನಿಕರು ಸತ್ತರು. ಅವರ ನೆನಪಿಗೆ ರಾಣಿ ಆಶಿ ದೋರ್ಜಿ ವಾಂಗ್ಮೊ ವಾಂಗ್‌ಚುಕ್ ಕಟ್ಟಿಸಿದ್ದೇ ಈ 108.

2019ರ ಅಕ್ಟೋಬರಿನಲ್ಲಿ ಬೈಕ್ ತಂಡದ ಜೊತೆ ಬಂದಿದ್ದ ಒಬ್ಬ ಭಾರತೀಯ ಏಣಿ ಹಾಕಿಕೊಂಡು ಇಲ್ಲಿನ ಒಂದು ಚೋರ್ಟೆನ್ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡ. ಆ ಫೋಟೊ ದೇಶವೆಲ್ಲ ಹರಡಿತು. ಪೊಲೀಸರು ಅವನ ಪಾಸ್‌ಪೋರ್ಟ್ ಇಟ್ಟುಕೊಂಡು ವಿಚಾರಣೆ ಮಾಡಿದರು. ನಮ್ಮ ದೇಶದ ವಿರುದ್ಧ ಬಂದೂಕು ಹಿಡಿದವರನ್ನು ಓಡಿಸಲು ಹೋಗಿ ಸತ್ತವರ ಸ್ಮಾರಕದ ಮೇಲೆ ನಮ್ಮವನೇ ಹತ್ತಿ ನಿಂತಿದ್ದ. ಶುಲ್ಕದ ಕಾಯ್ದೆ ಬಂದದ್ದು ಅದಾದ ಕೆಲವೇ ತಿಂಗಳಿಗೆ. ಆ ಒಬ್ಬನಿಂದಲೇ ಕಾಯ್ದೆ ಬಂತು ಎಂದು ಹೇಳುವುದು ತಪ್ಪು, ಚರ್ಚೆ ಮೊದಲಿನಿಂದಲೂ ಇತ್ತು. ಆದರೆ ಗಡಿ ದಾಟಿ ಸುಮ್ನೆ ಗುಂಪು ಗುಂಪಾಗಿ ಬರುವ ಪ್ರವಾಸಿಗರ ಬಗ್ಗೆ ಅಲ್ಲಿಯ ಜನ ಏನು ಯೋಚಿಸುತ್ತಿದ್ದರು ಎಂದು ಊಹಿಸಲು ಆ ಫೋಟೊ ಸಾಕು. ಥಿಂಫು, ಪಾರೋ ದಾಟಿದರೆ ಗೈಡ್ ಬೇಕೇ ಬೇಕು ಎಂಬ ನಿಯಮವೂ ಗಡಿ ಮತ್ತೆ ತೆರೆದಾಗಲೇ ಬಂತು.

ಕತೆ ಕೇಳಿ ನಮ್ಮವರು ಎರಡು ಪಾಲಾದರು. ಶಿಕ್ಷಕ ದಂಪತಿ ಚೋರ್ಟೆನ್‌ಗಳನ್ನು ಬಲಕ್ಕೆ ಇಟ್ಟುಕೊಂಡು ಒಂದು ಸುತ್ತು ಬಂದರು. ಅಣ್ಣಾರು ಮಾತ್ರ ಮಣಿಯಲಿಲ್ಲ. "ಸತ್ತವ್ರಿಗೆ ಕೈ ಮುಗೀತೀನಿ. ರೊಕ್ಕದ ಮಾತು ಬ್ಯಾರೆ, ಇದು ಬ್ಯಾರೆ" ಅಂದರು. ಅವರು ವ್ಯಾಪಾರಸ್ಥರು, ಲೆಕ್ಕದ ಪುಸ್ತಕ ಮತ್ತು ದೇವರ ಪುಸ್ತಕ ಎರಡನ್ನೂ ಒಂದೇ ಗೂಡಿನಲ್ಲಿ ಇಡುವುದಿಲ್ಲ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಮೆಣಸಿನಕಾಯಿ ಮತ್ತು ಅಡಿಕೆ

ಪಾರೋ ಕಣಿವೆಯಲ್ಲಿ ಅಕ್ಟೋಬರಿನಲ್ಲಿ ಮನೆಗಳ ಮಾಡಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿರುತ್ತಾರೆ. ಗಾಡಿಯ ಕಿಟಕಿಯಿಂದ ಅದನ್ನು ಕಂಡದ್ದೇ ಅಣ್ಣಾರು "ನಿಲ್ಸಪಾ" ಅಂದರು. ಮನೆಯ ಯಜಮಾನತಿಯನ್ನು ಕೈಸನ್ನೆಯಲ್ಲೇ ಕೇಳಿ ಒಂದು ಕಾಯಿ ತೆಗೆದುಕೊಂಡರು. ತೊಟ್ಟು ನೋಡಿದರು. ಬಗ್ಗಿಸಿದರು, ಲಟಕ್ಕೆಂದು ಮುರಿಯಿತು. ಸಿಪ್ಪೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ಬಣ್ಣ ಎಷ್ಟು ಹತ್ತುತ್ತದೆ ಎಂದು ಬೆಳಕಿಗೆ ಹಿಡಿದರು. ಬೀಜ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. "ಬಣ್ಣ ನಮ್ದರ ಮುಂದ ಏನೂ ಇಲ್ಲ. ಖಾರ ಐತಿ." ಪ್ರವಾಸದುದ್ದಕ್ಕೂ ಅವರು ಇಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳು ಹೆಸರಾದದ್ದು ಬಣ್ಣಕ್ಕೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಭೂತಾನಿನವರು ಮೆಣಸಿನಕಾಯಿಯನ್ನು ಮಸಾಲೆ ಅಂತ ನೋಡುವುದೇ ಇಲ್ಲ, ಅದು ಅವರಿಗೆ ತರಕಾರಿ. ಎಮಾ ದಾತ್ಶಿ ಅಂದರೆ ಮೆಣಸಿನಕಾಯಿ ಮತ್ತು ಚೀಸ್‌ನ ಪಲ್ಯ, ಊಟಕ್ಕೆಲ್ಲ ಅದೇ.

ಹಾಗಾದರೆ ನಮ್ಮ ಮಾಲನ್ನು ಇಲ್ಲಿಗೆ ಯಾಕೆ ಕಳಿಸಬಾರದು? ಅಣ್ಣಾರ ತಲೆಯಲ್ಲಿ ಅದೇ ಓಡುತ್ತಿತ್ತು. ಗೈಡ್ ನಕ್ಕು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. 2016ರಲ್ಲಿ ಭೂತಾನ್ ಭಾರತದಿಂದ ಬರುವ ಮೆಣಸಿನಕಾಯಿ, ಹೂಕೋಸು, ಬೀನ್ಸ್ ಆಮದು ನಿಲ್ಲಿಸಿತು. ಕಾರಣ, ಕೀಟನಾಶಕದ ಉಳಿಕೆ ಜಾಸ್ತಿ ಇತ್ತು. ಅಣ್ಣಾರು ಸ್ವಲ್ಪ ಹೊತ್ತು ಕುದಿದರು. ಆಮೇಲೆ ತಾವೇ ಹೇಳಿದರು: "ಎಣ್ಣಿ ತಗಿಯೋ ಕಂಪನಿಯವ್ರು ನಮ್ಮ ಕಡೆನೂ ಲ್ಯಾಬ್ ರಿಪೋರ್ಟ್ ಕೇಳ್ತಾರ. ಔಷಧ ಹೊಡದದ್ದು ಜಾಸ್ತಿ ಆದ್ರ ಮಾಲ್ ವಾಪಸ್. ಇವ್ರು ಕೇಳಿದ್ರ ತಪ್ಪೇನು?" ಎಸ್‌ಡಿಎಫ್‌ಗೆ ಒಪ್ಪದ ಮನುಷ್ಯ ತನ್ನ ಕಸುಬಿನ ನಿಷೇಧಕ್ಕೆ ಒಪ್ಪಿದರು. ಯಾಕೆಂದರೆ ಅದರ ಕಾರಣ ಅವರಿಗೆ ಗೊತ್ತಿತ್ತು.

ಅಡಿಕೆಯ ಮಾವನದು ಇದಕ್ಕೆ ತಿರುಗುಮುರುಗು. ಎಸ್‌ಡಿಎಫ್ ಬಗ್ಗೆ ಅವರು ಮೊದಲಿನಿಂದಲೂ ತಲೆ ಕೆಡಿಸಿಕೊಂಡವರಲ್ಲ. ಫುಂಟ್‌ಶೋಲಿಂಗ್ ಪೇಟೆಯಲ್ಲಿ ದೋಮಾ ಮಾರುವ ಹೆಂಗಸಿನ ಮುಂದೆ ಕೂತುಬಿಟ್ಟಿದ್ದರು. ದೋಮಾ ಅಂದರೆ ಅರ್ಧ ಅಡಿಕೆ, ವೀಳ್ಯದೆಲೆ, ಸುಣ್ಣ. ಅಡಿಕೆ ಒಣಗಿದ್ದಲ್ಲ, ಹಸಿಯದು, ನೀರಲ್ಲಿ ಹುದುಗಿಸಿ ಘಾಟು ಬರಿಸಿದ್ದು. ಬಾಯಿಗೆ ಹಾಕಿಕೊಂಡ ಮಾವನ ಕಿವಿ ಕೆಂಪಾಯಿತು. "ಇದು ಎಲ್ಲಿ ಬೆಳೀತೈತಿ?" ದಕ್ಷಿಣದ ತಗ್ಗು ಪ್ರದೇಶದಲ್ಲಿ, ಸಮ್ತ್ಸೆ ಕಡೆ ಎಂದು ಗೊತ್ತಾಯಿತು. ಅಲ್ಲಿಗೆ ಅವರ ಮುಖ ಬಿಗಿಯಿತು.

ಬಿಗಿಯಲು ಕಾರಣವಿದೆ. 2022ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗದ ಮಾಲು ತರಬಾರದೆಂಬ) ಷರತ್ತಿಲ್ಲದೆ ಜೈಗಾಂವ್ ಮೂಲಕ ತರಲು ಬಿಟ್ಟಿತು. ಬೇರೆ ದೇಶದ ಅಡಿಕೆಗೆ ಆಗ ಕಿಲೋಗೆ 251 ರೂಪಾಯಿ ಕನಿಷ್ಠ ಬೆಲೆ ಇತ್ತು, 2023ರ ಫೆಬ್ರವರಿಯಲ್ಲಿ ಅದನ್ನು 351ಕ್ಕೆ ಏರಿಸಿದರು. ನಮ್ಮ ಮಲೆನಾಡು, ಕರಾವಳಿಯ ಬೆಳೆಗಾರರು ಭೂತಾನ್ ವಿನಾಯಿತಿಯನ್ನು ಜೋರಾಗಿ ವಿರೋಧಿಸಿದರು. ಮಾವನ ವಾದ ಕೇಳಿ: "17,000 ಟನ್ ದೊಡ್ಡದಲ್ಲ. ಹಸಿ ಅಡಿಕಿ ಒಣಗಿದ್ರ ತೂಕ ಎಷ್ಟ್ ಉಳೀತೈತಿ? ಅಂಜಿಕಿ ಅದಕ್ಕಲ್ಲ. ಭೂತಾನ್ ಹೆಸರ ಹೇಳಿ ಬ್ಯಾರೆ ದೇಶದ ಮಾಲು ಒಳಗ ಬರ್ತದ, ಅಲ್ಲಿ ನೋಡೋವ್ರು ಯಾರು?" ಪೇಟೆ ಬಲ್ಲವರ ಮಾತು ಇದು. ದೆಹಲಿಯಲ್ಲಿ ಗೆಳೆಯನಿಗೆ ಕೊಟ್ಟ ಉಡುಗೊರೆಯ ಬೆಲೆ ಹಾನಗಲ್ಲಿನ ತೋಟದಲ್ಲಿ ಎಷ್ಟಾಗುತ್ತದೆ ಎಂದು ಯಾರೋ ಲೆಕ್ಕ ಹಾಕಬೇಕು ತಾನೇ.

ಕೊಡುಕೊಳ್ಳುವಿಕೆಯ ಈ ಪಟ್ಟಿ ಉದ್ದವಿದೆ. 2021ರ ಜನವರಿ 20ರಂದು ನಮ್ಮ ಕೋವಿಡ್ ಲಸಿಕೆಯ 1.5 ಲಕ್ಷ ಡೋಸ್ ಭೂತಾನಿಗೆ ಉಡುಗೊರೆಯಾಗಿ ಹೋಯಿತು, ಮೊದಲು ಪಡೆದ ದೇಶಗಳಲ್ಲಿ ಅದೂ ಒಂದು. 2023ರಲ್ಲಿ ನಮ್ಮ ಅಕ್ಕಿ ರಫ್ತಿಗೆ ತಡೆ ಬಿದ್ದಾಗಲೂ ಅವರಿಗೆ 79,000 ಟನ್ ಬಿಟ್ಟೆವು. 1949ರ ಸ್ನೇಹ ಒಪ್ಪಂದವನ್ನು 2007ರಲ್ಲಿ ತಿದ್ದಿ, ವಿದೇಶಾಂಗ ವಿಷಯದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂಬ ಕಲಮನ್ನು ಕೈಬಿಟ್ಟೆವು. ಅವರು 2003ರಲ್ಲಿ ಮಾಡಿದ್ದನ್ನು ದೋಚುಲಾದಲ್ಲಿ ಕಂಡೆವು. ಇಷ್ಟೆಲ್ಲ ಇದ್ದೂ ಮೆಣಸಿನಕಾಯಿ ನಿಲ್ಲಿಸಿದರು, ಶುಲ್ಕ ಹಾಕಿದರು. ನನ್ನ ಲೆಕ್ಕದಲ್ಲಿ ಗೆಳೆತನ ಗಟ್ಟಿ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ. ಬೇಡ ಅನ್ನಲು ಚಿಕ್ಕವನಿಗೆ ಹೆದರಿಕೆ ಇಲ್ಲ, ಅಂದದ್ದಕ್ಕೆ ದೊಡ್ಡವನು ಗೇಟ್ ಮುಚ್ಚಲಿಲ್ಲ.

ತಿರುಗಿ ಬಂದ ಮೇಲೆ

ತಕ್‌ತ್ಸಾಂಗ್ ಮಠಕ್ಕೆ ಹತ್ತಿದವರು ಅರ್ಧ ಜನ, ಉಳಿದವರು ನಡುವಿನ ಚಹಾದಂಗಡಿಯಲ್ಲಿ ರೊಟ್ಟಿ ಗಂಟು ಬಿಚ್ಚಿದರು. ಅದನ್ನು ಬಿಡೋಣ, ಆ ಮಠದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ಏಜೆನ್ಸಿಯ ಮುಂದಿನ ಕರಪತ್ರದಲ್ಲಿ 'ಎಲ್ಲ ಸೇರಿ' ಎಂಬುದು ಹೋಗಿ, ಎಸ್‌ಡಿಎಫ್ ಬೇರೆ ಸಾಲಿನಲ್ಲಿ ಬಂದಿದೆ. ಪಕ್ಕದಲ್ಲೇ ಬೇರೆ ದೇಶದವರ ದರವನ್ನೂ ಹಾಕಿದ್ದಾರೆ, ಅದನ್ನು ಹಾಕಿಸಿದ್ದು ಶಿಕ್ಷಕರು. ಒಂದು ಪುಟದ ಕನ್ನಡ ಸೂಚನೆಯನ್ನೂ ಅವರೇ ಬರೆದುಕೊಟ್ಟರು. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯ ಮೂಲ ಪ್ರತಿ ತನ್ನಿ, ಆಧಾರ್ ನಂಬಬೇಡಿ. ಮಕ್ಕಳ ಜನನ ಪತ್ರ ಇಂಗ್ಲಿಷಿನಲ್ಲಿದೆಯೇ ನೋಡಿ. ಜೋಂಗ್‌ಗಳ (ಕೋಟೆಯಂಥ ಮಠಗಳ) ಒಳಗೆ ಟೋಪಿ ತೆಗೆಯಿರಿ, ತೋಳು ಮುಚ್ಚುವ ಬಟ್ಟೆ ಇರಲಿ. ಚೋರ್ಟೆನ್ ಮೇಲೆ ಹತ್ತಬೇಡಿ, ಯಾಕೆ ಎಂದರೆ ಈ ಕೆಳಗೆ ಓದಿ, ಎಂದು ದೋಚುಲಾದ ಕತೆ ನಾಲ್ಕು ಸಾಲಿನಲ್ಲಿ. ಉಳಿದ ನುಲ್ಟ್ರಂ ನೋಟನ್ನು ಜೈಗಾಂವ್‌ನಲ್ಲೇ ಖರ್ಚು ಮಾಡಿ, ಹುಬ್ಬಳ್ಳಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ.

ಏಜೆನ್ಸಿಯವರು ಆ ನಾಲ್ಕು ಸಾಲಿನ ಕತೆಯನ್ನು ಜಾಗ ಸಾಲದು ಎಂದು ತೆಗೆದಿದ್ದರು. ಶಿಕ್ಷಕರು ಹೋಗಿ ಮತ್ತೆ ಸೇರಿಸಿ ಬಂದರು.

ಹಾನಗಲ್ಲಿನ ಮಾವ ಊರಿನ ಬೆಳೆಗಾರರ ಸಭೆಯಲ್ಲಿ ಭೂತಾನ್ ಅಡಿಕೆ ಆಮದಿನ ವಿರುದ್ಧ ಮನವಿಗೆ ಮೊದಲ ಸಹಿ ಹಾಕಿದರು. ಅದೇ ವಾರ ನನಗೆ ಫೋನ್ ಮಾಡಿದರು. ಬೀಗರಿಗೆ ಪಾರೋದ ಸೇಚು ಜಾತ್ರೆ ನೋಡುವ ಮನಸ್ಸಾಗಿದೆಯಂತೆ, ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತದಲ್ಲ, ಆರು ಜನ. "ಎಷ್ಟ್ ಬೀಳ್ತೈತಿ ಹೇಳ್ರಿ. ಎಸ್‌ಡಿಎಫ್ ಹಿಡಿದ ಹೇಳ್ರಿ ಮತ್ತ."